ಗೋಧಿ ಬಿಯರ್ ಮಾರದ ಪಬ್

"ಕೆಳಗಿಡಿ ಅದನ್ನ! ಇಡಿ ಅಂದೆ!"

ಪಬ್ಬಿನಲ್ಲಿದ್ದವರೆಲ್ಲ ಕತ್ತು ತಿರುಗಿಸಿದರು. ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಚಳಿಗೆ ಮೂಗಿನ ತುದಿ ಕೆಂಪಾಗಿತ್ತು, ಕಣ್ಣು ಅದಕ್ಕಿಂತ ಕೆಂಪು. ಕಾಲಲ್ಲಿ ರಬ್ಬರ್ ಬೂಟು, ಮೈಯಿಂದ ಬೆಂದ ಬಾರ್ಲಿಯ ವಾಸನೆ. ಬಿಯರ್ ಕಾಯಿಸುವ ಕೆಲಸವನ್ನು ಅರ್ಧಕ್ಕೇ ಬಿಟ್ಟು ಓಡಿಬಂದಿದ್ದಾಳೆ ಅನ್ನುವುದು ನೋಡಿದರೇ ಗೊತ್ತಾಗುತ್ತಿತ್ತು.

ಎದುರಿಗೆ ಪಬ್ಬಿನ ಮಾಲೀಕ. ಎತ್ತರದ ಆಳು. ತುಂಬಿದ ಪೀಪಾಯಿಯೊಂದನ್ನು ತೋಳಲ್ಲಿ ಹೊತ್ತುಕೊಂಡು ನೆಲಮಾಳಿಗೆಯ ಮೆಟ್ಟಿಲ ಕಡೆಗೆ ಹೊರಟಿದ್ದವನು ಅಲ್ಲೇ ನಿಂತ. ಆದರೆ ಪೀಪಾಯಿಯನ್ನು ಕೆಳಗಿಡಲಿಲ್ಲ.

"ನೀವು...?"

"ನೀವು ಹೊತ್ಕೊಂಡಿದೀರಲ್ಲ, ಅದನ್ನ ಮಾಡಿದೋಳು! ನಲ್ಲಿಗೆ ಹಾಕಿ ಮಾರಲ್ಲ ಅಂದ್ರಂತೆ? ನಮ್ಮ ಡ್ರೈವರ್ ಬಂದು ಹೇಳಿದ. ಚಳಿಗಾಲಕ್ಕೆ ಅಂತ ಮೈ ಮುರಿದು ಮಾಡಿದ ಕಪ್ಪು ಬಿಯರ್ ರೀ ಅದು! ಹೊರಗೆ ಹಲ್ಲು ಕಟಕಟ ಅನ್ನೋ ಚಳಿ. ಈಗ ಮಾರದೆ ಇನ್ಯಾವಾಗ ಮಾರ್ತೀರಿ?"

"ಇನ್ನೂ ಆಗಿಲ್ಲ."

"ಏನು?"

"ಬಿಯರ್ ಇನ್ನೂ ಆಗಿಲ್ಲ."

ಅಷ್ಟೇ! ಮುಂದೊಂದು ಮಾತಿಲ್ಲ, ಹಿಂದೊಂದು ಮಾತಿಲ್ಲ. ಅವಳಿಗೆ ಪಿತ್ತ ನೆತ್ತಿಗೇರಿತು.

"ಆಗಿಲ್ಲ ಅಂದ್ರೇನ್ರೀ ಅರ್ಥ? ನಾನೇನು ಆಲೂಗಡ್ಡೆ ಬೇಯಿಸಿ ಕಳಿಸಿದೀನಾ, ಅರೆಬೆಂದಿದೆ ಅನ್ನೋಕೆ?"

ಮೂಲೆಯ ಮೇಜಿನಿಂದ ಕಿಸಕ್ಕನೆ ನಗು ಬಂತು. ದಿನವೂ ಅಲ್ಲೇ ಕೂರುವ ನಿವೃತ್ತ ಮೇಷ್ಟ್ರು. "ಮಗಳೇ, ಅವನ ಹತ್ರ ಜಗಳ ಆಡಿ ಪ್ರಯೋಜನ ಇಲ್ಲಮ್ಮ. ನಾವು ಅವನನ್ನ ಗುಮ್ಮ ಅಂತಾನೇ ಕರೆಯೋದು. ಗೋಡೆ ಬೇಕಾದ್ರೆ ತಿರುಗಿ ಮಾತಾಡುತ್ತೆ, ಅವನು ಆಡಲ್ಲ."

ಗುಮ್ಮ ಪೀಪಾಯಿಯನ್ನು ಇಳಿಸಿದ. ಮುಚ್ಚಳ ಬಿಚ್ಚಿ ಕೈಪಂಪು ಸಿಕ್ಕಿಸಿದ. ಸಣ್ಣ ಲೋಟಕ್ಕೆ ಎರಡು ಗುಟುಕು ಬಗ್ಗಿಸಿ ಅವಳ ಮುಂದಿಟ್ಟ. ತಾನು ಮಾಡಿದ್ದನ್ನು ತನಗೇ ರುಚಿ ನೋಡೆಂದು ಕೊಡುವುದಾ! ಉರಿದುಹೋಯಿತು. ಆದರೂ ಎತ್ತಿ ಕುಡಿದಳು.

'ಅಯ್ಯೋ... ಹೌದು. ಕೊನೆಯಲ್ಲಿ ಚುಚ್ಚುತ್ತೆ. ಹಸಿ ಕಹಿ. ಇನ್ನೊಂದಿಷ್ಟು ವಾರ ತಣ್ಣಗೆ ಸುಮ್ಮನೆ ಇರಬೇಕಿತ್ತು. ನಮ್ಮ ಸೋದರಮಾವ ಅವಸರ ಮಾಡಿ ಕಳಿಸಿಬಿಟ್ಟ. ಆದರೆ ಇವನ ಮುಂದೆ ಒಪ್ಪಿಕೊಳ್ಳೋದಾ? ಸತ್ತರೂ ಇಲ್ಲ!'

"ಚೆನ್ನಾಗೇ ಇದೆ!" ಎಂದು ಲೋಟ ಕುಕ್ಕಿದಳು.

ಅವನು ಅವಳ ಮುಖ ನೋಡಿದ. ನಗಲಿಲ್ಲ. "ಚಳಿ ಮುಗಿಯೋ ಹೊತ್ತಿಗೆ ಬನ್ನಿ. ಮೊದಲನೇ ಗ್ಲಾಸು ನಿಮಗೇ" ಎಂದ.

ಬೂಟು ಬಡಿಯುತ್ತ ಹೊರಟಳು. ದಾರಿಯುದ್ದಕ್ಕೂ ಅವನನ್ನು ಬೈದುಕೊಂಡಳು. ಬೈದಷ್ಟೂ ಸಾಲದೆ ಮನೆಗೆ ಹೋದ ಮೇಲೂ ಬೈದಳು. ಒಬ್ಬ ಗಂಡಸಿನ ಬಗ್ಗೆ ಅಷ್ಟು ಹೊತ್ತು ಯೋಚಿಸಿದ್ದು ತನ್ನ ಜೀವನದಲ್ಲೇ ಮೊದಲು ಅನ್ನುವುದು ಮಾತ್ರ ಪಾಪ, ಆ ಹುಡುಗಿಗೆ ಹೊಳೆಯಲಿಲ್ಲ.

*

ಅವಳನ್ನು ಮನೆಯಲ್ಲೂ ಕೆಲಸದಲ್ಲೂ ಕರೆಯುತ್ತಿದ್ದದ್ದು ಸಿಡುಕಿ ಎಂದು. ಹೆಸರಿಟ್ಟವನು ಸೋದರಮಾವ. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿದವನೂ ಅವನೇ, ಬಿಯರ್ ಮಾಡುವುದನ್ನು ಕಲಿಸಿದವನೂ ಅವನೇ. ರೈಲು ಹಳಿಯ ಪಕ್ಕದ ಹಳೇ ಗೋದಾಮಿನಲ್ಲಿ ಅವನ ಸಣ್ಣ ಕಾರ್ಖಾನೆ. ದೊಡ್ಡ ಟ್ಯಾಂಕುಗಳಲ್ಲಿ ವರ್ಷವಿಡೀ ಒಂದೇ ಬಗೆಯ ತೆಳು ಹಳದಿ ಬಿಯರ್. ಮೂಲೆಯಲ್ಲೊಂದು ಪುಟ್ಟ ಟ್ಯಾಂಕು. ಅದು ಸಿಡುಕಿಯದು.

ಅದರಲ್ಲಿ ಅವಳು ಕಾಲಕ್ಕೆ ತಕ್ಕ ಬಿಯರ್ ಮಾಡುತ್ತಿದ್ದಳು. ಚಳಿಗಾಲಕ್ಕೆ ಕಪ್ಪಗೆ ಹುರಿದ ಮೊಳಕೆ ಬಾರ್ಲಿಯ, ಕಾಫಿ ಬಣ್ಣದ ಗಟ್ಟಿ ಬಿಯರ್. ಬೇಸಿಗೆಗೆ ಮೋಡ ಮೋಡವಾಗಿ ಕಾಣುವ, ಬಾಳೆಹಣ್ಣು ಲವಂಗದ ಪರಿಮಳದ ಗೋಧಿ ಬಿಯರ್. ಎಲೆ ಉದುರುವ ದಿನಗಳಿಗೆ ಜೇನು ಬಣ್ಣದ್ದು. ಯಾವಾಗಂದರೆ ಆವಾಗ ಸಿಗುವ ಬಿಯರನ್ನು ಎಲ್ಲರೂ ಮಾಡುತ್ತಾರೆ, ಜನ ಹವೆ ನೋಡಿ ಬಾಯಲ್ಲಿ ನೀರೂರಿಸಿಕೊಂಡು ಕಾಯುವ ಬಿಯರ್ ಮಾಡಬೇಕು ಅನ್ನುವುದು ಅವಳ ಹಟ.

ಆ ಹಟಕ್ಕೆ ಊರಲ್ಲಿ ಸೊಪ್ಪು ಹಾಕಿದ್ದು ಒಂದೇ ಒಂದು ಪಬ್. ಯಾವುದು ಅಂತ ಹೇಳಬೇಕೇ?

ಚಳಿ ಮುಗಿಯುವ ಹೊತ್ತಿಗೆ ಸಿಡುಕಿ ಹೋದಳು. ಜಗಳಕ್ಕೇ ಹೋಗುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡು ಹೋದಳು. ಗುಮ್ಮ ಮಾತಿಲ್ಲದೆ ನೆಲಮಾಳಿಗೆಗೆ ಇಳಿದ, ಪೀಪಾಯಿ ತಂದ, ಹೊಟ್ಟೆ ಉಬ್ಬಿದ ಗಾಜಿನ ಲೋಟಕ್ಕೆ ನಿಧಾನವಾಗಿ ಬಗ್ಗಿಸಿದ.

"ಫ್ರಿಜ್ಜಿನಲ್ಲಿಟ್ಟ ಗ್ಲಾಸು ಯಾಕಿಲ್ಲ?" ಬೇಕೆಂದೇ ಕೆಣಕಿದಳು.

"ಇದನ್ನ ಐಸಿನ ಹಾಗೆ ಕೊಟ್ರೆ ವಾಸನೆ ಸತ್ತುಹೋಗುತ್ತೆ. ನಿಮಗೆ ಗೊತ್ತು. ಪರೀಕ್ಷೆ ಮಾಡ್ತಿದೀರಿ."

ಮೊದಲ ಗುಟುಕಿಗೇ ಅವಳ ಕಣ್ಣು ತುಂಬಿತು. ಅವಳ ತಲೆಯೊಳಗೆ ಮಾತ್ರ ಇದ್ದ ರುಚಿ, ಈಗ ನಾಲಿಗೆಯ ಮೇಲಿತ್ತು!

"ಅಳ್ತಿದೀರಾ?"

"ಹೊಗೆ!"

"ಇಲ್ಲಿ ಹೊಗೆ ಎಲ್ಲಿದೆ?"

"ಇದೆ ಅಂದ್ರೆ ಇದೆ!"

ಆಗ ಗುಮ್ಮ ನಕ್ಕ. ಅವನಿಗೆ ಹಲ್ಲಿರುವುದನ್ನು ಇವತ್ತೇ ನೋಡಿದ್ದು ಎಂದು ಮೇಷ್ಟ್ರು ಇಡೀ ಪಬ್ಬಿಗೆ ಸಾರಿದರು.

ಅಲ್ಲಿಂದ ಮುಂದೆ ದಿನವೂ ಕೆಲಸ ಮುಗಿಸಿ ಸಿಡುಕಿ ಅಲ್ಲಿಗೆ ಬರತೊಡಗಿದಳು. ಅವಳು ಮಾತಾಡುತ್ತಿದ್ದಳು, ಅವನು ಲೋಟ ಒರೆಸುತ್ತ ಕೇಳುತ್ತಿದ್ದ. ಮಾವನ ಮೇಲಿನ ಸಿಟ್ಟು, ಕೆಟ್ಟುಹೋದ ಪಂಪು, ಹಾಳು ಹವೆ, ಎಲ್ಲವನ್ನೂ ಅವನ ಮುಂದೆ ಸುರಿದು ಹಗುರಾಗಿ ಹೋಗುತ್ತಿದ್ದಳು. 'ಇವನಿಗೂ ಏನೋ ಇದೆ. ಇಲ್ಲದಿದ್ದರೆ ನಾನು ಬಂದ ತಕ್ಷಣ ರೇಡಿಯೋ ಯಾಕೆ ಆರಿಸ್ತಾನೆ? ಆದರೆ ಬಾಯಿ ಬಿಟ್ಟು ಹೇಳಬಾರದಾ? ನಾನೇ ಯಾಕೆ ಮೊದಲು ಹೇಳಬೇಕು?'

ಅವನು ಹೇಳಲಿಲ್ಲ. ಬಾಯಿಗೆ ಬೀಗ ಜಡಿದುಕೊಂಡೇ ಹುಟ್ಟಿದ ಆಸಾಮಿ!

*

ಬೇಸಿಗೆ ಶುರುವಾದ ಒಂದು ಮಧ್ಯಾಹ್ನ ಮಾವ ಅವಳನ್ನು ಪಕ್ಕಕ್ಕೆ ಕರೆದ.

"ದೊಡ್ಡ ಬಾಟಲಿ ಕಂಪನಿಯೋರು ಬಂದಿದ್ರು ಕಣೇ. ಅವರ ಬಿಯರನ್ನ ನಮ್ಮ ಟ್ಯಾಂಕುಗಳಲ್ಲಿ ಮಾಡಿಕೊಡ್ಬೇಕಂತೆ. ಎಲ್ಲಾ ಟ್ಯಾಂಕೂ ಬೇಕಂತೆ. ನಿನ್ನದೂ ಸೇರಿ."

"ನನ್ನದನ್ನ ಯಾಕೆ ಕೊಡ್ಬೇಕು? ಕೊಡಲ್ಲ!"

"ಕೂಗಾಡ್ಬೇಡ. ಒಂದು ಮಾತು ಹೇಳ್ತೀನಿ ಕೇಳು. ಈ ಸಲದ ಗೋಧಿ ಬಿಯರ್ ಬೇಸಿಗೆ ಮುಗಿಯೋದ್ರೊಳಗೆ ಖಾಲಿ ಆದ್ರೆ ಟ್ಯಾಂಕು ನಿನ್ನದೇ. ಆಮೇಲೆ ಅದರ ಸುದ್ದಿಗೆ ನಾನು ಬರಲ್ಲ. ಖಾಲಿ ಆಗ್ಲಿಲ್ಲ ಅಂದ್ರೆ ಅವರಿಗೆ."

ಖಾಲಿಯಾಗುವುದು ಅಂದರೆ ಮಾವನ ಪ್ರಕಾರ ಒಂದೇ ಅರ್ಥ. ಗಾಡಿಯಲ್ಲಿ ತುಂಬಿ ಹೋದದ್ದನ್ನು ಅವನು ಮಾರಾಟ ಅನ್ನುತ್ತಿರಲಿಲ್ಲ. ಖಾಲಿ ಪೀಪಾಯಿ ತಿರುಗಿ ಬಂದು, ಅದನ್ನು ತಾನೇ ಬೆರಳಲ್ಲಿ ತಟ್ಟಿ, ಟಣ್ ಎಂದ ಮೇಲೇ ಜನ ಕುಡಿದರು ಎಂದು ನಂಬುತ್ತಿದ್ದ. ಅವನ ಅಪ್ಪನ ಕಾಲದಿಂದ ಬಂದ ಪದ್ಧತಿ ಅದು.

ಸಿಡುಕಿ ಕೆಂಡಾಮಂಡಲವಾದಳು. ನೆಟ್ಟಗೆ ಪಬ್ಬಿಗೆ ನುಗ್ಗಿದಳು. ನಡೆದದ್ದನ್ನು ನಡೆದ ಹಾಗೆ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕೋಪ ಬಂದಾಗ ಮುಖ್ಯವಾದದ್ದನ್ನೇ ನುಂಗಿ ಉಳಿದದ್ದೆಲ್ಲ ಕಕ್ಕುವುದು ಅವಳ ಜಾಯಮಾನ.

"ಸಾಕಾಗಿಹೋಯ್ತು ನನಗೆ! ಈ ಗೋಧಿ ಬಿಯರ್ರೇ ಕೊನೆ. ಆಮೇಲೆ ಆ ಟ್ಯಾಂಕಿನ ಮುಖ ನೋಡಲ್ಲ. ಬೇರೆ ಊರಿಗೆ ಹೊರಟುಹೋಗ್ತೀನಿ. ಆ ಮಾವನ ಮುಖಾನೂ ನೋಡಲ್ಲ, ನಿಮ್ಮ ಮುಖಾನೂ ನೋಡಲ್ಲ!"

ಗುಮ್ಮನ ಕೈಯಲ್ಲಿದ್ದ ಬಟ್ಟೆ ನಿಂತುಹೋಯಿತು.

'ಹೋಗಬೇಡ ಅನ್ನು. ಒಂದು ಸಲ ಅನ್ನು ಸಾಕು... ಅನ್ನೋ ಪುಣ್ಯಾತ್ಮ!'

ಅವನು ಒರೆಸಿದ ಲೋಟವನ್ನೇ ಮತ್ತೊಮ್ಮೆ ಒರೆಸಿ ಕೆಳಗಿಟ್ಟ. ಕೊನೆಗೆ, "ಸರಿ" ಎಂದ.

ಸರಿಯಂತೆ!

ಅವಳು ತಿರುಗಿ ನಡೆದಳು. ಅಂದಿನಿಂದ ಆ ಪಬ್ಬಿನ ಬೀದಿಯನ್ನೇ ತುಳಿಯಲಿಲ್ಲ.

*

ಗೋಧಿ ಬಿಯರನ್ನು ಸಿಟ್ಟಿನಲ್ಲೇ ಮಾಡಿದಳು. ಸಿಟ್ಟಿನಲ್ಲಿ ಮಾಡಿದರೂ ಕೈ ಮಾತ್ರ ತಪ್ಪಲಿಲ್ಲ. ಅಂಥ ಬಿಯರ್ ಅವಳೂ ಹಿಂದೆ ಮಾಡಿರಲಿಲ್ಲ. ಟ್ಯಾಂಕಿನ ಬಾಯಿ ತೆರೆದರೆ ಗೋದಾಮಿನ ತುಂಬ ಪರಿಮಳ! ಪೀಪಾಯಿಗಳು ಗಾಡಿಯೇರಿ ಗುಮ್ಮನ ಪಬ್ಬಿಗೆ ಹೋದವು.

ಬಿಸಿಲು ಏರಿತು. ಡಾಂಬರು ಮೆತ್ತಗಾಗುವಂಥ ಬಿಸಿಲು. ಗೋಧಿ ಬಿಯರಿಗೆ ಇದಕ್ಕಿಂತ ಒಳ್ಳೆಯ ದಿನಗಳು ಎಲ್ಲಿ ಸಿಗುತ್ತವೆ? ಸಿಡುಕಿ ಪ್ರತಿ ಸಂಜೆ ಗಾಡಿ ಬರುವುದನ್ನೇ ಕಾಯುತ್ತಿದ್ದಳು. ಖಾಲಿ ಪೀಪಾಯಿ ಒಂದೂ ಬರಲಿಲ್ಲ. ಮರುದಿನವೂ ಇಲ್ಲ. ಮರುವಾರವೂ ಇಲ್ಲ.

ಮಾವ ಅವಳನ್ನು ಕಂಡರೆ ಮುಖ ಆ ಕಡೆ ತಿರುಗಿಸುತ್ತಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನ ಆ ಕನಿಕರವನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ.

'ಯಾರಿಗೂ ಬೇಡವಾಯಿತಾ? ನನ್ನ ನಾಲಿಗೆಯೇ ನನಗೆ ಮೋಸ ಮಾಡಿತಾ?'

ಬೇಸಿಗೆಯ ಕೊನೆಯ ವಾರ ಬಂತು. "ಇವತ್ತು ಸಂಜೆ ಕಂಪನಿಯೋರು ಅಳತೆ ತಗೊಳ್ಳೋಕೆ ಬರ್ತಾರೆ ಕಣಮ್ಮ" ಎಂದ ಮಾವ. ಯಾವಾಗಲೂ ಕಣೇ ಅನ್ನುವವನು ಅಮ್ಮ ಅಂದಾಗಲೇ ಅವಳಿಗೆ ಎಲ್ಲ ಮುಗಿಯಿತು ಅನ್ನಿಸಿತು. ತಲೆ ತಗ್ಗಿಸಿ ಹೊರಗೆ ಬಂದಳು. ಎಲ್ಲಿಗೆ ಹೋಗುವುದೆಂದು ತಿಳಿಯದೆ ಸುಮ್ಮನೆ ನಡೆದಳು.

ಬಸ್ ನಿಲ್ದಾಣದ ನೆರಳಲ್ಲಿ ಮೇಷ್ಟ್ರು ಸಿಕ್ಕರು.

"ಏನಮ್ಮ, ಕಣ್ಣಿಗೇ ಬೀಳಲ್ಲ? ಅಲ್ಲ, ಈ ಸಲ ಗೋಧಿ ಬಿಯರ್ ಯಾಕೆ ಮಾಡ್ಲಿಲ್ಲ ನೀನು? ಈ ಸೆಕೆಗೆ ನಾಲಿಗೆ ಒಣಗಿ ಸಾಯ್ತಿದೀವಿ. ದಿನಾ ಕೇಳ್ತೀವಿ, ಗುಮ್ಮ ದಿನಾ ಇಲ್ಲ ಅಂತಾನೆ."

"ಇಲ್ಲ... ಅಂತಾನಾ?"

"ಹೂಂ. ನಿನ್ನೆ ಹತ್ತು ಹನ್ನೆರಡು ಜನ ಕೇಳಿರಬೇಕು."

ಮುಂದಿನದು ಮೇಷ್ಟ್ರಿಗೂ ಸರಿಯಾಗಿ ಕಾಣಲಿಲ್ಲ. ಎದುರಿಗಿದ್ದವಳು ಕಣ್ಣು ಮಿಟುಕಿಸುವಷ್ಟರಲ್ಲಿ ರಸ್ತೆಯ ಆಚೆ ಓಡುತ್ತಿದ್ದಳು.

*

ಪಬ್ಬಿನ ಬಾಗಿಲು ಗೋಡೆಗೆ ಬಡಿಯಿತು. ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಗುಮ್ಮ ತಲೆಯೆತ್ತಿದ. ಅವಳನ್ನು ನೋಡಿದ ಕೂಡಲೇ ಅವನ ಮುಖ ಅರಳಿದ್ದನ್ನು ಅವಳು ನೋಡಲಿಲ್ಲ. ನೋಡುವ ಸ್ಥಿತಿಯಲ್ಲಿರಲಿಲ್ಲ. ಅವನನ್ನು ದಾಟಿ ದಡದಡ ನೆಲಮಾಳಿಗೆಗೆ ಇಳಿದಳು.

ಅಲ್ಲಿದ್ದವು. ಒಂದೂ ಬಿಡದೆ ಎಲ್ಲ ಪೀಪಾಯಿಗಳು, ಗೋಡೆಗೆ ಸಾಲಾಗಿ. ಮೇಲೆ ಒದ್ದೆ ಗೋಣಿತಾಟು ಹೊದಿಸಿತ್ತು. ಪಕ್ಕದಲ್ಲಿ ನೀರಿನ ಬಕೆಟ್ಟು. ತಾಟು ಒಣಗದಂತೆ ಯಾರೋ ಹೊತ್ತು ಹೊತ್ತಿಗೆ ನೀರು ಚಿಮುಕಿಸುತ್ತಿದ್ದರು.

"ಮೋಸಗಾರ!" ಅವಳ ಧ್ವನಿ ಸೀಳಿಹೋಯಿತು. "ಜನ ಕೇಳಿದ್ರೂ ಇಲ್ಲ ಅಂದ್ರಾ? ಇಷ್ಟು ದಿನ ಇಲ್ಲಿ ಬಚ್ಚಿಟ್ಟು, ಮೇಲೆ ನಿಂತು ಇಲ್ಲ ಇಲ್ಲ ಅಂದ್ರಾ? ನಾನು ನಿಮಗೆ ಏನ್ರೀ ದ್ರೋಹ ಮಾಡಿದ್ದೆ?"

ಗುಮ್ಮ ಅವಳ ಹಿಂದೆಯೇ ಇಳಿದು ಬಂದು ಮೆಟ್ಟಿಲ ಮೇಲೆ ನಿಂತಿದ್ದ.

ಅವಳು ತಾಟು ಕಿತ್ತೆಸೆದಳು. ಗೂಡಿನಲ್ಲಿದ್ದ ಕೈಪಂಪನ್ನು ಸಿಕ್ಕಿಸಿ ಅಂಗೈಗೇ ಬಿಯರ್ ಸುರಿದುಕೊಂಡು ಬಾಯಿಗಿಟ್ಟಳು. ಪರಿಮಳ ಎಲ್ಲಿ? ಬಾಳೆಹಣ್ಣಿಲ್ಲ, ಲವಂಗವಿಲ್ಲ. ತೊಯ್ದ ರಟ್ಟಿನ ರುಚಿ. ಸತ್ತುಹೋಗಿತ್ತು.

"ಇದು ಕಪ್ಪು ಬಿಯರ್ ಅಲ್ಲ, ಇಟ್ಟಷ್ಟೂ ಚೆನ್ನಾಗಾಗೋಕೆ! ಗೋಧಿ ಬಿಯರ್! ಬಂದ ವಾರವೇ ಕುಡಿದು ಮುಗಿಸ್ಬೇಕು. ಊರಿಗೆಲ್ಲ ಪಾಠ ಹೇಳೋ ನಿಮಗೆ ಇದು ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಗೊತ್ತಿದ್ದೂ ಕೊಂದ್ರಾ?"

"ನೀವು ಇದೇ ಕೊನೆ ಅಂದ್ರಿ."

ಅವಳು ಅವನ ಕಡೆ ತಿರುಗಿದಳು.

"ಇದಾದ ಮೇಲೆ ಮಾಡಲ್ಲ, ಬೇರೆ ಊರಿಗೆ ಹೋಗ್ತೀನಿ, ನನ್ನ ಮುಖ ನೋಡಲ್ಲ ಅಂದ್ರಿ." ಅವನು ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರಗೆ ತರುತ್ತಿದ್ದ. "ಮೊದಲನೇ ದಿನ ನಲ್ಲಿಗೆ ಹಾಕೋಣ ಅಂತ ಇಳಿದು ಬಂದೆ. ಆಗಲಿಲ್ಲ. ಖಾಲಿ ಆದ್ರೆ ನಿಮ್ಮ ಕೈಯಿಂದ ಬಂದದ್ದು ಏನೂ ಉಳಿಯಲ್ಲ ಅನ್ನಿಸ್ತು. ನಾಳೆ ಹಾಕೋಣ ಅಂದ್ಕೊಂಡೆ. ದಿನಾ ನಾಳೆ ಅಂದ್ಕೊಂಡೆ. ಕೆಡ್ತಿರೋದು ಗೊತ್ತಾಗ್ತಿತ್ತು... ಆದ್ರೂ ಆಗಲಿಲ್ಲ."

"ಅಯ್ಯೋ ಹುಚ್ಚಪ್ಪಾ!" ಅವಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. "ಕೋಪದಲ್ಲಿ ಆಡಿದ್ದನ್ನೆಲ್ಲ ಯಾರಾದ್ರೂ ನಂಬ್ತಾರಾ?"

"ನಾನು ಆಡೋದೇ ನಾಲ್ಕು ಮಾತು. ಬೇರೆಯೋರು ಆಡೋದೂ ಹಾಗೇ ಅಂದ್ಕೊಳ್ತೀನಿ. ಆಡಿದ್ದೆಲ್ಲ ನಿಜ ಅಂತ."

"ಖಾಲಿ ಪೀಪಾಯಿ ವಾಪಸ್ ಬಂದ್ರೆ ತಾನೇ ಟ್ಯಾಂಕು ನನಗೆ ಉಳಿಯೋದು? ಮಾವ ಹಾಗಂತ ಮಾತು ಕೊಟ್ಟಿದ್ದ. ಇವತ್ತು ಸಂಜೆ ಅದನ್ನ ಕಂಪನಿಯೋರಿಗೆ ಕೊಟ್ಬಿಡ್ತಾನೆ. ನನ್ನ ಬಿಯರ್ ಯಾರಿಗೂ ಬೇಡ ಅಂತ ಅವನೂ ನಂಬಿದಾನೆ, ನಾನೂ ನಂಬಿದ್ದೆ. ನನ್ನ ಮೇಲೆ ನನಗೇ ನಂಬಿಕೆ ಹೋಗಿತ್ತು ರೀ!"

ಅವನ ಮುಖದ ಬಣ್ಣ ಇಳಿದುಹೋಯಿತು. "ಇದನ್ನ ನೀವು ಹೇಳಲೇ ಇಲ್ಲ" ಎಂದ ಮೆಲ್ಲಗೆ.

ಹೇಳಿರಲಿಲ್ಲ. ಬಾಯ್ತುಂಬ ಕೂಗಾಡಿದ್ದಳು, ಇದೊಂದನ್ನು ಬಿಟ್ಟು. ಅದು ಅವಳಿಗೆ ಈಗ ನಾಟಿತು, ನಾಟಿದ್ದಕ್ಕೇ ಸಿಟ್ಟು ಇನ್ನಷ್ಟು ಬಂತು.

ಅಷ್ಟರಲ್ಲಿ ಗುಮ್ಮ ಮೆಟ್ಟಿಲೇರಿ ಆಗಿತ್ತು. ಏಪ್ರನ್ನನ್ನೂ ಬಿಚ್ಚದೆ, ಬಾಗಿಲನ್ನೂ ಹಾಕದೆ, ಉರಿ ಬಿಸಿಲಲ್ಲಿ ಓಡುತ್ತಿದ್ದ. "ರೀ! ನಿಲ್ರೀ! ಎಲ್ಲಿಗೆ?" ಎಂದು ಕೂಗುತ್ತ ಅವಳೂ ಹಿಂದೆ ಓಡಿದಳು.

*

ಗೋದಾಮಿಗೆ ಕಂಪನಿಯವರು ಸಂಜೆಗೆ ಮೊದಲೇ ಬಂದುಬಿಟ್ಟಿದ್ದರು. ಇಸ್ತ್ರಿ ಮಾಡಿದ ಅಂಗಿಯ ಇಬ್ಬರು, ಪುಟ್ಟ ಟ್ಯಾಂಕಿಗೆ ಅಳತೆಯ ಟೇಪು ಹಿಡಿದು ನಿಂತಿದ್ದರು. ಮಾವ ಪಕ್ಕದಲ್ಲಿ ಕೈಕಟ್ಟಿಕೊಂಡಿದ್ದ. ಕೆಲಸದವರು ಕೈಯಲ್ಲಿದ್ದದ್ದನ್ನು ಬಿಟ್ಟು ನೋಡುತ್ತಿದ್ದರು.

"ಯಜಮಾನ್ರೇ!" ಗುಮ್ಮ ಏದುಸಿರು ಬಿಡುತ್ತ ಒಳಗೆ ಬಂದ. "ಟ್ಯಾಂಕು ಕೊಡ್ಬೇಡಿ. ಗೋಧಿ ಬಿಯರ್ ಮಾರಾಟ ಆಗ್ಲಿಲ್ಲ ಅನ್ನೋದು ಸುಳ್ಳು. ನಾನು ಮಾರ್ಲೇ ಇಲ್ಲ. ಜನ ದಿನಾ ಕೇಳ್ತಿದಾರೆ. ನಾನೇ ಇಲ್ಲ ಅಂದೆ."

ಮಾವನ ಹುಬ್ಬು ಗಂಟಾಯಿತು. "ನನ್ನ ತುಂಬಿದ ಪೀಪಾಯಿ ಇಟ್ಕೊಂಡು ಜನಕ್ಕೆ ಇಲ್ಲ ಅಂದ್ಯಾ? ನಿನಗೇನು ತಲೆ ಕೆಟ್ಟಿದೆಯೇನಪ್ಪ? ಯಾಕೆ?"

ಗುಮ್ಮ ಬಾಯಿ ತೆರೆದ. ಮುಚ್ಚಿದ.

ಹಿಂದೆಯೇ ಓಡಿಬಂದ ಸಿಡುಕಿ ಬಾಗಿಲಲ್ಲೇ ನಿಂತಳು. ಕಾರಣ ಹೇಳದೆ ಹೋದರೆ ಮಾವ ನಂಬುವುದಿಲ್ಲ. ಸೋದರ ಸೊಸೆಯನ್ನು ಉಳಿಸೋಕೆ ಇವನು ಕಥೆ ಕಟ್ಟುತ್ತಿದ್ದಾನೆ ಅಂದುಕೊಳ್ಳುತ್ತಾನೆ. ಹೇಳಬೇಕಾದರೆ ಇಷ್ಟು ಜನರ ಮುಂದೆ ಹೇಳಬೇಕು. ಒಬ್ಬಳ ಮುಂದೆಯೇ ಆಡಲಾಗದವನು!

"ಯಾಕೆ ಅಂತ ಕೇಳ್ತಿದೀನಿ!" ಮಾವ ಗುಡುಗಿದ.

"ಪ್ರೀತಿಸ್ತೀನಿ." ಗುಮ್ಮನ ಕಿವಿ ಕೆಂಪಾಗಿತ್ತು, ಆದರೆ ಮಾತು ನಿಲ್ಲಲಿಲ್ಲ. "ನಿಮ್ಮ ಸೊಸೇನ ಪ್ರೀತಿಸ್ತೀನಿ. ಅವರು ಊರು ಬಿಟ್ಟು ಹೋಗ್ತಾರೆ ಅಂದ್ಕೊಂಡೆ. ಅದು ಅವರ ಕೊನೇ ಬಿಯರ್ ಅಂದ್ಕೊಂಡೆ. ಅದಕ್ಕೆ ಮಾರೋಕೆ ಮನಸ್ಸು ಬರಲಿಲ್ಲ. ಕೆಟ್ಟದ್ದು ಅವರ ಕೈಯಿಂದಲ್ಲ, ನನ್ನಿಂದ. ಅಷ್ಟು ಒಳ್ಳೇ ಗೋಧಿ ಬಿಯರ್ ನಾನು ಎಲ್ಲೂ ಕುಡಿದಿಲ್ಲ. ಬಂದ ದಿನ ಒಂದೇ ಒಂದು ಲೋಟ ಕುಡಿದೆ. ನನ್ನ ಮೇಲೆ ಏನು ಬೇಕಾದ್ರೂ ಕೋಪ ಮಾಡ್ಕೊಳ್ಳಿ. ಟ್ಯಾಂಕು ಮಾತ್ರ ಕಿತ್ಕೊಳ್ಬೇಡಿ. ಅವರ ತಪ್ಪಿಲ್ಲ."

ಅವನು ಒಟ್ಟಿಗೆ ಅಷ್ಟು ಮಾತಾಡಿದ್ದು ಬಹುಶಃ ಅದೇ ಮೊದಲು. ಅಳತೆಯ ಟೇಪು ಸರ್ರನೆ ಡಬ್ಬಿಯೊಳಗೆ ಸೇರಿಕೊಂಡ ಸದ್ದು ಮಾತ್ರ ಕೇಳಿತು.

"ಇಷ್ಟು ಹೇಳೋಕೆ ನನ್ನ ಬಿಯರನ್ನೆಲ್ಲ ಕೊಳೆಸ್ಬೇಕಿತ್ತೇನೋ ಮಾರಾಯ!" ಮಾವ ಹಣೆ ಚಚ್ಚಿಕೊಂಡ. ಆಮೇಲೆ ಕಂಪನಿಯವರ ಕಡೆ ತಿರುಗಿದ. "ದೊಡ್ಡ ಟ್ಯಾಂಕುಗಳು ನಿಮ್ಮದು, ಮಾತು ಮಾತೇ. ಇದು ಬೇಡ. ಇದು ನನ್ನ ಸೊಸೇದು. ಜನ ಬಾಯಿ ಬಿಟ್ಕೊಂಡು ಕೇಳ್ತಿದಾರಂತೆ, ಕೇಳಲಿಲ್ವಾ?"

ಸೊಸೆಯ ತಲೆಯ ಮೇಲೆ ಒರಟಾಗಿ ಕೈಯಿಟ್ಟ. "ಬೇಸಿಗೆ ಮುಗಿದರೂ ಸೆಕೆ ಇನ್ನೂ ಒಂದಿಷ್ಟು ವಾರ ಇರುತ್ತೆ. ಇವತ್ತೇ ಗೋಧಿ ನೆನೆಹಾಕು ಹೋಗು. ನೀನು ಪೀಪಾಯಿ ಹೊರು ಕಣಯ್ಯ, ಸುಮ್ನೆ ನಿಂತ್ಕೋಬೇಡ" ಎಂದು ಗುಮ್ಮನ ಬೆನ್ನಿಗೊಂದು ಗುದ್ದಿ, ಕಂಪನಿಯವರನ್ನು ಕರೆದುಕೊಂಡು ಆಫೀಸಿಗೆ ನಡೆದ. ಕೆಲಸದವರೂ ಒಬ್ಬೊಬ್ಬರಾಗಿ ಜಾಣತನದಿಂದ ಮಾಯವಾದರು.

ಟ್ಯಾಂಕಿನ ಮುಂದೆ ಇಬ್ಬರೇ ಉಳಿದರು. ಸಿಡುಕಿ ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ.

"ಮಾವನಿಗೆ ಹೇಳಿದ್ರಿ. ಟೇಪು ಹಿಡ್ಕೊಂಡು ನಿಂತಿದ್ದ, ಗುರುತಿಲ್ಲ ಪರಿಚಯ ಇಲ್ಲದ ಜನಕ್ಕೂ ಹೇಳಿದ್ರಿ. ನನಗೆ ಯಾರ್ರೀ ಹೇಳ್ತಾರೆ?"

ಅವನು ಒಂದು ಹೆಜ್ಜೆ ಹತ್ತಿರ ಬಂದ. ಈ ಸಲ ತಡಮಾಡಲಿಲ್ಲ.

"ಪ್ರೀತಿಸ್ತೀನಿ. ನಿನ್ನನ್ನೇ. ಯಾವಾಗಲೋ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು!" ಅವನ ಎದೆಗೆ ಮುಷ್ಟಿಯಿಂದ ಒಂದು ಗುದ್ದಿದಳು. ಇನ್ನೊಂದು ಗುದ್ದಿದಳು. ಮೂರನೆಯದಕ್ಕೆ ಕೈಯಲ್ಲಿ ಬಲವಿರಲಿಲ್ಲ, ಹಣೆಯನ್ನೇ ಅಲ್ಲಿಗೆ ಒರಗಿಸಿಬಿಟ್ಟಳು. "ನಾನೂ ಹೇಳ್ಬೇಕಿತ್ತು" ಎಂದಳು, ಕೇಳಿಸೀತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

ಅವನಿಗೆ ಕೇಳಿಸಿತು. ಅವಳನ್ನು ಬಳಸಿಕೊಂಡ ಅವನ ತೋಳು ಇನ್ನಷ್ಟು ಬಿಗಿಯಾಯಿತು.

"ಕೋಪ ಹೋಯ್ತಾ?"

"ಇಲ್ಲ."

"ಯಾವಾಗ ಹೋಗುತ್ತೆ?"

"ನನಗೇನು ಗೊತ್ತು?" ಅವಳು ತಲೆಯೆತ್ತಲಿಲ್ಲ, ದೂರವೂ ಸರಿಯಲಿಲ್ಲ. "ಜೊತೆಗೇ ಇದ್ದು ನೋಡ್ಕೋ."